ಹಳೇ 44 ವಿಂಚೆಸ್ಟರ್ ಕೊಳ್ಳುವ ಮುಂಚೆ ಕಾಡತೂಸು ಎಲ್ಲಿದೆ ಅಂತ ಕೇಳಿ

ಪ್ರಶ್ನೆ: ನಾನು ಜಮಖಂಡಿ ಕಡೆಯವನು. ಹೊಲದ ಕಾವಲಿಗೆ ಅಂತ 12 ಬೋರ್ ಡಬಲ್ ಬ್ಯಾರಲ್ ಬಂದೂಕಿದೆ, ಲೈಸೆನ್ಸ್ ಇದೆ. ಇಂಡಿ ತಾಲೂಕಿನ ಪರಿಚಯದವರ ಮನೆಯಲ್ಲಿ ಅವರ ಮುತ್ಯಾನ ಕಾಲದ ವಿಂಚೆಸ್ಟರ್ 44 ಕಾರ್ಬೈನ್ (ಗಿಡ್ಡ ನಳಿಗೆಯ ರೈಫಲ್) ಇದೆ. ಲಿವರ್ ಎಳೆದು ಹೊಡೆಯುವಂಥದ್ದು. ಕೊಡುತ್ತೇವೆ ಅಂತಿದ್ದಾರೆ. ನನಗೆ ಅದು ಟಾರ್ಗೆಟ್ ಹೊಡೆಯಲು ಬೇಕು, ಬೇರೇನಕ್ಕೂ ಅಲ್ಲ. ತೆಗೆದುಕೊಳ್ಳಬಹುದೇ ಸರ್? ನೋಡುವಾಗ, ಹೊಡೆದು ಪರೀಕ್ಷೆ ಮಾಡುವಾಗ ಏನೇನು ಗಮನಿಸಬೇಕು? ಪಾಲಿಶ್ ಮಾಡಿಸಿ ಹೊಸದರಂತೆ ಮಾಡಿಸಬಹುದೇ? ಹತ್ತನೇ ಕ್ಲಾಸಿನ ಮಗನಿಗೂ ಶೂಟಿಂಗ್ ಹುಚ್ಚು ಹಿಡಿದಿದೆ, ಅವನಿಗೆ ಏನು ದಾರಿ?

ಉತ್ತರ: ನೋಡ್ರಿ, ಬಂದೂಕಿನ ಮಾತು ಆಮೇಲೆ. ಆ ಮನೆಯಲ್ಲಿ 44 ಕಾಡತೂಸು ಎಷ್ಟಿದೆ, ಯಾವ ಕಾಲದ್ದು? ಇದನ್ನೇ ಮೊದಲು ಕೇಳಬೇಕು. ಟಾರ್ಗೆಟ್ ಹೊಡೆಯುವುದು ಅಂದರೆ ಕಾಡತೂಸು ಖರ್ಚು ಮಾಡುವುದು. ಒಂದು ಭಾನುವಾರಕ್ಕೆ ಐವತ್ತು ಗುಂಡು ಹೊಡೆಯದಿದ್ದರೆ ಕೈ ಕೂರುವುದಿಲ್ಲ. ನಮ್ಮ ಸರ್ಕಾರಿ ಆರ್ಡನೆನ್ಸ್ ಕಾರ್ಖಾನೆಗಳು .22, .315, .32 ಥರದ ಕಾಡತೂಸು ಮಾಡುತ್ತವೆ. ಈ 44 ವಿಂಚೆಸ್ಟರಿಗೆ ಬೇಕಾದ 44-40 ಮಾಡುವುದಿಲ್ಲ. ಹೊರದೇಶದ ಮಾಲು ಅಂಗಡಿಯಲ್ಲಿ ಯಾವಾಗಲೋ ಒಮ್ಮೆ ಕಾಣುತ್ತದೆ, ಕಂಡಾಗ ಒಂದೊಂದರ ರೇಟು ಕೇಳಿ ನೀವೇ ಬೆಚ್ಚಿ ಬೀಳುತ್ತೀರಿ. ಹಾಗಾಗಿ ಇಂಡಿಗೆ ಹೋಗುವ ಮುಂಚೆ ಬೆಳಗಾವಿ, ಹುಬ್ಬಳ್ಳಿ, ಸೊಲ್ಲಾಪುರದ ಗನ್ ಹೌಸ್‌ಗಳಿಗೆ ಒಂದೊಂದು ಫೋನ್ ಮಾಡಿ. "44-40 ಇದೆಯಾ, ಎಷ್ಟಿದೆ, ಮತ್ತೆ ಯಾವಾಗ ಬರುತ್ತದೆ?" ಅಂತ ಕೇಳಿ. ಮೂರೂ ಕಡೆ "ಇಲ್ಲ" ಅಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆಯೇ.

ಇನ್ನು ಆ ಬಂದೂಕು ಏನು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ನೀವು ಬರೆದಿರುವುದು ಬರೀ "ವಿಂಚೆಸ್ಟರ್ 44". ಅದರಲ್ಲಿ ಮುಖ್ಯವಾಗಿ ಎರಡು ಮಾಡೆಲ್ ನಮ್ಮ ಕಡೆ ಸಿಗುತ್ತವೆ: 1873 ಮತ್ತು 1892. ಎರಡೂ ಹೊಡೆಯುವುದು ಒಂದೇ 44-40 ಕಾಡತೂಸು. 1873ರಲ್ಲೇ ಬಂದದ್ದು ಅದು. ಅಂದಿನ ಲೆಕ್ಕದಲ್ಲಿ 40 ಗ್ರೇನ್ ಕರಿಮದ್ದು, 200 ಗ್ರೇನ್ ಸೀಸದ ಗುಂಡು. ನಮ್ಮ ತೂಕದಲ್ಲಿ ಗುಂಡು ಸುಮಾರು 13 ಗ್ರಾಂ. ಕೆಲವೇ ವರ್ಷದಲ್ಲಿ ಕೋಲ್ಟ್ ಕಂಪನಿ ಇದೇ ಕಾಡತೂಸಿಗೆ ರಿವಾಲ್ವರ್ ಮಾಡಿತು. ಸೊಂಟದ ರಿವಾಲ್ವರಿಗೂ ಹೆಗಲ ಬಂದೂಕಿಗೂ ಒಂದೇ ಪಟ್ಟಿಯ ಕಾಡತೂಸು ಆಯಿತಲ್ಲ, ಅದೇ ಇದರ ಜನಪ್ರಿಯತೆಗೆ ಕಾರಣ. ಬ್ರಿಟಿಷರ ಕಾಲದಲ್ಲಿ ದೇಸಾಯರು, ಸಂಸ್ಥಾನಿಕರು, ದೊಡ್ಡ ಗುತ್ತಿಗೆದಾರರು ತರಿಸಿಕೊಂಡರು. ಜಮಖಂಡಿ, ಮುಧೋಳ, ರಾಮದುರ್ಗ ಎಲ್ಲವೂ ಸಂಸ್ಥಾನಗಳೇ ಅಲ್ವಾ. ವಾಡೆಗಳ ಟ್ರಂಕುಗಳಲ್ಲಿ ಇಂಥವು ಸಿಗುವುದರಲ್ಲಿ ಆಶ್ಚರ್ಯ ಇಲ್ಲ.

ಗುರುತಿಸುವುದು ಸುಲಭ. 1873ರ ಎರಡೂ ಪಕ್ಕಕ್ಕೆ ಬೇರೆಯಾಗಿ ಬಿಚ್ಚುವ ಒಂದೊಂದು ಪ್ಲೇಟ್ ಇರುತ್ತದೆ, ಅದನ್ನು ಬಿಚ್ಚಿದರೆ ಒಳಗೆ ಮಡಚುವ ಕೀಲು ಕಾಣುತ್ತದೆ. ಮೇಲೆ ಸರಿಯುವ ಒಂದು ಮುಚ್ಚಳವೂ ಇರುತ್ತದೆ. 1892 ಚಿಕ್ಕದು, ಚೊಕ್ಕ. ಜಾನ್ ಬ್ರೌನಿಂಗ್ ವಿನ್ಯಾಸ. ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟಿನ ಎರಡೂ ಬದಿಗೆ ಒಂದೊಂದು ಉಕ್ಕಿನ ಪಟ್ಟಿ ಕೆಳಗಿನಿಂದ ಮೇಲೆದ್ದು ಬೀಗ ಹಾಕುತ್ತದೆ. ಮೇಲಿನಿಂದ ನೋಡಿದರೆ ಅದು ಕಾಣುತ್ತದೆ. ಕಾರ್ಬೈನ್ ಆದರೆ ನಳಿಗೆ 20 ಇಂಚು, ಕೆಳಗಿನ ಟ್ಯೂಬ್ ಮ್ಯಾಗಜೀನಿನಲ್ಲಿ 12 ಕಾಡತೂಸು, ಕೈಗೆ ಮೂರು ಕೇಜಿಯೂ ಬರುವುದಿಲ್ಲ. ಸ್ಪೇನಿನಲ್ಲಿ 1892ರ ನಕಲು ಸಹ ಮಾಡುತ್ತಿದ್ದರು, "ಟಿಗ್ರೆ" ಅಂತ ಹೆಸರು. ಹಾಗಾಗಿ ನಳಿಗೆಯ ಮೇಲಿನ ಅಕ್ಷರ ಓದದೆ "ವಿಂಚೆಸ್ಟರ್" ಅನ್ನುವ ಮಾತು ನಂಬಬೇಡಿ.

ಈ ವ್ಯತ್ಯಾಸ ಸುಮ್ನೆ ಹೇಳುತ್ತಿಲ್ಲ. 1873ರ ಮಡಚುವ ಕೀಲು ಕರಿಮದ್ದಿನ ಒತ್ತಡಕ್ಕೆ ಮಾಡಿದ್ದು. 1892 ಅದಕ್ಕಿಂತ ಬಹಳ ಗಟ್ಟಿ. ಹಿಂದೆ 1892ಕ್ಕೆಂದೇ ಹೆಚ್ಚು ವೇಗದ 44-40 ಕಾಡತೂಸು ಮಾರುತ್ತಿದ್ದರು. 1873ರಲ್ಲಿ ಹಾಕಬೇಡಿ ಅಂತ ಡಬ್ಬಿಯ ಮೇಲೇ ಬರೆದಿರುತ್ತಿತ್ತು. ಡಬ್ಬಿ ಹರಿದು ಹೋಗಿ, ಕಾಡತೂಸು ಬರೀ ಅರಿವೆ ಚೀಲದಲ್ಲಿ ಉಳಿದಿದ್ದರೆ? ಆಕಾರದಲ್ಲಿ ಎಲ್ಲಾ ಒಂದೇ. 1873ರಲ್ಲಿ ಸರಾಗ ಕೂರುತ್ತದೆ. ಹೊಡೆದರೆ ಮಾತ್ರ ಗೊತ್ತಾಗುತ್ತದೆ, ಆಗ ಗೊತ್ತಾಗಿ ಪ್ರಯೋಜನ ಇಲ್ಲ. ಡಬ್ಬಿ ಇಲ್ಲದ, ಮೂಲ ಗೊತ್ತಿಲ್ಲದ ಕಾಡತೂಸನ್ನು 1873ರಲ್ಲಿ ಹಾಕಲೇಬೇಡಿ. ಯಾರೋ ಊರಲ್ಲಿ ಮದ್ದು ತುಂಬಿಸಿ ಕೊಟ್ಟದ್ದು ಅಂದರೆ ಮುಟ್ಟಲೂ ಬೇಡಿ. ಅಪಾಯದ ಜೊತೆ ಅದು ಕಾನೂನಿಗೂ ವಿರುದ್ಧ.

ಕಾಗದಪತ್ರದ ಮಾತಿಗೆ ಬರೋಣ. ಇಲ್ಲಿ ಎಡವಿದವರೇ ಜಾಸ್ತಿ.

"ಮುತ್ಯಾನ ಕಾಲದ್ದು" ಅಂದಿದ್ದೀರಿ. ಮುತ್ಯಾ ಇದ್ದಾರಾ, ತೀರಿಕೊಂಡಿದ್ದಾರಾ? ತೀರಿಕೊಂಡಿದ್ದರೆ ಲೈಸೆನ್ಸ್ ಈಗ ಯಾರ ಹೆಸರಿನಲ್ಲಿದೆ? ಮಕ್ಕಳು ಮೊಮ್ಮಕ್ಕಳ ಹೆಸರಿಗೆ ಆಗದೆ ಸುಮ್ನೆ ಮನೆಯಲ್ಲಿ ಇಟ್ಟುಕೊಂಡಿದ್ದರೆ ಅವರಿಗೆ ಅದನ್ನು ಮಾರುವ ಹಕ್ಕೇ ಇಲ್ಲ. ಇಟ್ಟುಕೊಂಡದ್ದೇ ತಪ್ಪು. ಮೊದಲು ಅವರು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. 2016ರ ಆರ್ಮ್ಸ್ ರೂಲ್ಸ್‌ನಲ್ಲಿ ಅದಕ್ಕೆ ದಾರಿ ಇದೆ. ಲೈಸೆನ್ಸ್‌ದಾರರು ಬದುಕಿದ್ದರೂ 70 ವರ್ಷ ತುಂಬಿದ್ದರೆ, ಇಲ್ಲವೇ 25 ವರ್ಷ ಆ ಬಂದೂಕು ಅವರ ಬಳಿ ಇದ್ದರೆ, ವಾರಸುದಾರರಿಗೆ ಕೊಡಬಹುದು. ಅದೆಲ್ಲ ಮುಗಿಯುವ ತನಕ ಅಡ್ವಾನ್ಸ್ ಅಂತ ಒಂದು ರೂಪಾಯಿಯನ್ನೂ ಕೊಡಬೇಡಿ. ಬಂದೂಕನ್ನು ನಿಮ್ಮ ಗಾಡಿಯಲ್ಲಿ ಇಟ್ಟುಕೊಂಡು ಜಮಖಂಡಿಗೆ ತರುವ ಮಾತಂತೂ ದೂರ.

ಅವರ ಹೆಸರಿನಲ್ಲಿ ಚಾಲ್ತಿ ಲೈಸೆನ್ಸ್ ಇದೆ ಅಂದುಕೊಳ್ಳಿ. ಆಗ ಅವರು ನಿಮಗೆ ಮಾರಬಹುದು. ಆದರೆ ಮಾರುವ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ಡಿಸಿ ಸಾಹೇಬರಿಗೆ, ಇಲ್ಲವೇ ಹತ್ತಿರದ ಠಾಣೆಯ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಯಾರಿಗೆ ಮಾರುತ್ತಿದ್ದೇವೆ ಅಂತ ನಿಮ್ಮ ಹೆಸರು, ವಿಳಾಸ ಕೊಡಬೇಕು. ಈ ಕಾಗದ ಕೊಟ್ಟ ಮೇಲೆ ಕನಿಷ್ಠ 45 ದಿನ ಕಾಯಬೇಕು. 1959ರ ಆರ್ಮ್ಸ್ ಆಕ್ಟಿನ 5ನೇ ಕಲಂ ಹೇಳುವುದು ಇದನ್ನೇ. ಅವರು ವಿಜಯಪುರ ಜಿಲ್ಲೆ, ನೀವು ಬಾಗಲಕೋಟೆ ಜಿಲ್ಲೆ. ಹಾಗಾಗಿ ಅವರ ಕಾಗದ ವಿಜಯಪುರದಲ್ಲಿ, ನಿಮ್ಮ ಕಾಗದ ನವನಗರದ ಡಿಸಿ ಆಫೀಸಿನಲ್ಲಿ. ನಿಮ್ಮ ಲೈಸೆನ್ಸಿನಲ್ಲಿ ಈಗ ಇರುವುದು 12 ಬೋರ್ ಮಾತ್ರ. ಇನ್ನೊಂದು ಆಯುಧ ಸೇರಿಸಲು, ಅದೂ ರೈಫಲ್ ಸೇರಿಸಲು, ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಕೊಂಡು ತಂದು ಆಮೇಲೆ ಬರೆಸಿಕೊಳ್ಳೋಣ ಅನ್ನುವುದು ನಡೆಯುವುದಿಲ್ಲ.

ಕಾರ್ಬೈನ್ ಅಂದ ತಕ್ಷಣ ಆಫೀಸಿನಲ್ಲಿ ಹುಬ್ಬೇರಿಸುತ್ತಾರೆ, ಅದಕ್ಕೂ ತಯಾರಿರಿ. ನಮ್ಮ ಬೆಳಗಾವಿ ಕಡೆ ಮನೆಗೊಬ್ಬ ಮಾಜಿ ಸೈನಿಕ. ಅವರ ಕಣ್ಣಿಗೆ ಕಾರ್ಬೈನ್ ಅಂದರೆ ಕಾನ್ಪುರದಲ್ಲಿ ತಯಾರಾದ 9 ಎಂಎಂ ಸ್ಟರ್ಲಿಂಗ್. ಅದು ನಿಷಿದ್ಧ ಬೋರ್. 9 ಎಂಎಂ, .380, .455ರ ಸರ್ವಿಸ್ ಕಾಡತೂಸು ಹೊಡೆಯಬಲ್ಲ ಪಿಸ್ತೂಲು, ರಿವಾಲ್ವರ್, ಕಾರ್ಬೈನ್ ಯಾವುದೂ ಸಾಮಾನ್ಯರ ಲೈಸೆನ್ಸಿಗೆ ಬರುವುದಿಲ್ಲ. ಬೇರೆ ದೇಶಗಳಲ್ಲಿ ಪಿಸ್ತೂಲ್ ಕಾಡತೂಸಿನ ಕಾರ್ಬೈನ್ ಅಂದರೆ ಬಹುತೇಕ 9 ಎಂಎಂ ಸೆಮಿ ಆಟೋಮ್ಯಾಟಿಕ್. ಅದರ ವಿಡಿಯೋ ನೋಡಿ ಆಸೆಪಟ್ಟು ಕೂತರೆ ಇಲ್ಲಿ ನಿರಾಸೆಯೇ. 44-40 ಆ ಪಟ್ಟಿಯಲ್ಲಿಲ್ಲ. ಅರ್ಜಿಯಲ್ಲಿ "ಲಿವರ್ ಆಕ್ಷನ್ ರೈಫಲ್, 44-40, ಎನ್‌ಪಿಬಿ" (ನಿಷಿದ್ಧವಲ್ಲದ ಬೋರ್) ಅಂತ ಸ್ಪಷ್ಟವಾಗಿ ಬರೆಯಿರಿ, ಸೀರಿಯಲ್ ನಂಬರ್ ಸಮೇತ.

ಇನ್ನೊಂದು ಲೆಕ್ಕ. 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಿನಲ್ಲಿ ಎರಡೇ ಬಂದೂಕು. ಮೊದಲು ಮೂರಿತ್ತು. ನಿಮ್ಮದು ಒಂದು ಈಗಾಗಲೇ ಇದೆ. ಈ ವಿಂಚೆಸ್ಟರ್ ಬಂದರೆ ಕೋಟಾ ಮುಗಿಯಿತು. ಆದರೆ ಅದೇ ಕಾನೂನಿನಲ್ಲಿ ಒಂದು ಸಂದಿ ಇದೆ, ಬಹಳ ಜನ ಓದಿಲ್ಲ. ಕೇಂದ್ರ ಸರ್ಕಾರದ ಮಾನ್ಯತೆ ಇರುವ ರೈಫಲ್ ಕ್ಲಬ್ಬಿನ ಸದಸ್ಯರು ಟಾರ್ಗೆಟ್ ಅಭ್ಯಾಸಕ್ಕೆ ಬಳಸುವ .22 ರೈಫಲ್, ಏರ್ ರೈಫಲ್ ಈ ಎರಡರ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಉದ್ದೇಶ ನಿಜಕ್ಕೂ ಟಾರ್ಗೆಟ್ ಆದರೆ ಕಾನೂನೇ ನಿಮಗೆ .22 ಕಡೆ ಕೈ ತೋರಿಸುತ್ತಿದೆ. ಕಾಡತೂಸು ಸಿಗುತ್ತದೆ, ಅಗ್ಗ, ಭುಜಕ್ಕೆ ಪೆಟ್ಟಿಲ್ಲ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆ ಅದರಲ್ಲೇ. 44-40 ಹಿಡಿದು ಹೋಗಲು ಒಲಿಂಪಿಕ್ಸ್‌ನಲ್ಲಿ ಒಂದು ಸ್ಪರ್ಧೆಯೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಮನಸ್ಸು ಆ ಲಿವರ್ ಮೇಲೇ ಇರುತ್ತದೆ ಅಂತ ನನಗೆ ಗೊತ್ತು. ಸೈನ್ಯದಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿ ಮಾಡುವವ, ಆಗಿದ್ದವನು ನಾನು, ನನಗೂ ಹಾಗೇ. ಒಳ್ಳೆಯ 1892ರ ಲಿವರ್ ಎಳೆದು ಬಿಟ್ಟಾಗ ಬೋಲ್ಟ್ ಓಡುವ ಆ ನುಣುಪು ಇವತ್ತಿನ ಬಂದೂಕಿನಲ್ಲಿ ಸಿಗುವುದಿಲ್ಲ. ಸರಿ, ನೋಡಲು ಹೋಗಿ. ಹಗಲು ಹೊತ್ತಿನಲ್ಲಿ ಹೋಗಿ. ಒಂದು ಪೆನ್ ಟಾರ್ಚ್, ಬಿಳಿ ಕಾಗದದ ಚೂರು, ಒಣ ಬಟ್ಟೆ, ಅದನ್ನು ನಳಿಗೆಯೊಳಗೆ ಎಳೆಯುವ ಹಗ್ಗ (ಪುಲ್‌ಥ್ರೂ), ಸಾಧ್ಯವಾದರೆ ಗನ್ ಹೌಸಿನಿಂದ ಮದ್ದಿಲ್ಲದ ನಾಲ್ಕು ಡಮ್ಮಿ ಕಾಡತೂಸು ತೆಗೆದುಕೊಂಡು ಹೋಗಿ. ನಿಜವಾದ ಕಾಡತೂಸು ಆ ಕೋಣೆಯಲ್ಲೇ ಇರಬಾರದು.

ಕೈಗೆ ಕೊಟ್ಟ ತಕ್ಷಣ ಲಿವರ್ ಕೆಳಗೆಳೆದು ಕಾಡತೂಸು ಕೂರುವ ಚೇಂಬರ್ ಖಾಲಿ ಇದೆಯೇ ನೋಡಿ. ಟ್ಯೂಬಿನಲ್ಲಿ ಕಾಡತೂಸು ಉಳಿದಿರುತ್ತದೆ, ಅದನ್ನು ಮರೆಯುತ್ತಾರೆ. ಪಕ್ಕದ ಲೋಡಿಂಗ್ ಗೇಟಿನಲ್ಲಿ ಬೆರಳು ಒತ್ತಿ ನೋಡಿ. ಲಿವರನ್ನು ನಾಲ್ಕೈದು ಸಲ ಪೂರ್ತಿ ಎಳೆಯಿರಿ. ಅಜ್ಜನ ಕಾಲದ್ದು, ಐವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ ಅಂದ ಬಂದೂಕಿನಿಂದ ಕಾಡತೂಸು ಉದುರಿದ್ದನ್ನು ನಾನು ಕಂಡಿದ್ದೇನೆ.

ಆಮೇಲೆ ನಳಿಗೆ. ಈ ಬಂದೂಕನ್ನು ಹಿಂದಿನಿಂದ ನೇರ ನೋಡಲು ಆಗುವುದಿಲ್ಲ, ಬಾಡಿ ಅಡ್ಡ ಬರುತ್ತದೆ. ಲಿವರ್ ಕೆಳಗೆಳೆದು, ಮೇಲಿನ ಸಂದಿಯಲ್ಲಿ ಬಿಳಿ ಕಾಗದ ಇಟ್ಟು, ಅದರ ಮೇಲೆ ಟಾರ್ಚ್ ಬಿಡಿ. ಬಾಯಿಯ ಕಡೆಯಿಂದ ನೋಡಿ. ಮೊದಲು ಒಂದು ಒಣ ಬಟ್ಟೆ ಎಳೆಯಿರಿ, ಯಾಕೆಂದರೆ ದಪ್ಪ ಎಣ್ಣೆ ಹಚ್ಚಿಟ್ಟ ನಳಿಗೆ ಎಲ್ಲವೂ ಹೊಳೆಯುತ್ತದೆ. ಎಣ್ಣೆ ಹೋದ ಮೇಲೆ ನಿಜ ಬಣ್ಣ ಕಾಣುತ್ತದೆ. ಸುರುಳಿ ಗೆರೆಗಳ ಅಂಚು ಚೂಪಾಗಿ ಕಂಡರೆ ಸಂತೋಷ. ಗೆರೆ ಇದೆ ಆದರೆ ಮಧ್ಯೆ ಮಧ್ಯೆ ಸಿಡುಬಿನ ಕಲೆ ಥರ ಗುಳಿ ಬಿದ್ದಿದ್ದರೆ, ಅದು ಕಾಡತೂಸಿನ ಬುಡದಲ್ಲಿ ಕಿಡಿ ಕೊಡುವ ಹಳೇ ಕ್ಯಾಪುಗಳ ಕೆಲಸ. ಆ ಕಾಲದ ಕ್ಯಾಪಿನಲ್ಲಿದ್ದ ಕ್ಲೋರೇಟ್ ಉರಿದ ಮೇಲೆ ಒಂದು ಬಗೆಯ ಉಪ್ಪು ಉಳಿಯುತ್ತದೆ. ಅದು ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಎಣ್ಣೆ ಹಚ್ಚಿದರೆ ಆ ಉಪ್ಪು ಹೋಗುವುದಿಲ್ಲ, ಅಡಿಯಲ್ಲೇ ಕೂತು ತಿನ್ನುತ್ತದೆ. ಸಣ್ಣ ಗುಳಿ ಇದ್ದರೂ ಗುಂಡು ಸರಿಯಾಗಿ ಹೋಗಬಹುದು, ಸೀಸ ಮಾತ್ರ ಬೇಗ ಮೆತ್ತಿಕೊಳ್ಳುತ್ತದೆ. ಗೆರೆಯೇ ಕಾಣದ ನಳಿಗೆ ಟಾರ್ಗೆಟ್‌ಗೆ ಬೇಡ.

ಬಾಯಿಯ ತುದಿಯ ಒಂದು ಇಂಚನ್ನು ಬೇರೆಯಾಗಿ ನೋಡಿ. ಲಿವರ್ ಬಂದೂಕನ್ನು ಬಾಯಿಯ ಕಡೆಯಿಂದಲೇ ಕ್ಲೀನ್ ಮಾಡಬೇಕು. ನೂರು ವರ್ಷ ಯಾರೋ ಕಬ್ಬಿಣದ ಸಲಾಕೆ ಉಜ್ಜಿದ್ದರೆ ಅಲ್ಲಿಯ ಗೆರೆಗಳು ಒಂದೇ ಕಡೆ ಸವೆದಿರುತ್ತವೆ, ರಂಧ್ರ ಮೊಟ್ಟೆಯಾಕಾರ ಆಗಿರುತ್ತದೆ. ಒಳಗೆಲ್ಲ ಚೆನ್ನಾಗಿದ್ದರೂ ಗುಂಡು ಅಡ್ಡಾದಿಡ್ಡಿ ಹೋಗಲು ಇದೊಂದೇ ಸಾಕು.

ಈಗ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹೊರಮೈ ಮೇಲೆ ಬೀಳುವ ಬೆಳಕಿನ ಗೆರೆ ನೋಡಿ. ನೇರ ಗೆರೆ ಒಂದು ಜಾಗದಲ್ಲಿ ಉಬ್ಬಿ ಮತ್ತೆ ನೇರ ಆದರೆ ಅಲ್ಲಿ ನಳಿಗೆ ಊದಿದೆ. ಒಳಗೆ ಅದೇ ಜಾಗದಲ್ಲಿ ಕಪ್ಪು ಉಂಗುರ ಕಾಣುತ್ತದೆ. ಯಾವಾಗಲೋ ಒಂದು ಗುಂಡು ನಡುವೆ ಸಿಕ್ಕಿಕೊಂಡು, ಗೊತ್ತಾಗದೆ ಇನ್ನೊಂದು ಹೊಡೆದಿದ್ದಾರೆ ಅಂತ ಅರ್ಥ. ಕೈಮುಗಿದು ಚಹಾ ಕುಡಿದು ವಾಪಸ್ ಬನ್ನಿ.

ಯಂತ್ರದ ಭಾಗಕ್ಕೆ ಬಂದರೆ: ಲಿವರ್ ಮುಚ್ಚಿದಾಗ 1892ರ ಆ ಎರಡು ಬೀಗದ ಪಟ್ಟಿಗಳು ಪೂರ್ತಿ ಮೇಲೆದ್ದು ಸಮಕ್ಕೆ ನಿಲ್ಲಬೇಕು. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಆರ್ಮರರ್ ನೋಡುವ ತನಕ ಹೊಡೆಯುವಂತಿಲ್ಲ. ಹ್ಯಾಮರ್ ಪೂರ್ತಿ ಹಿಂದಕ್ಕೆಳೆದು ಹೆಬ್ಬೆರಳಿನಿಂದ ಮುಂದಕ್ಕೆ ಒತ್ತಿ, ಜಾರಬಾರದು. ಅರ್ಧಕ್ಕೆ ನಿಲ್ಲಿಸಿ ಟ್ರಿಗರ್ ಒತ್ತಿ, ಬೀಳಬಾರದು. ಈ ಬಂದೂಕಿಗೆ ಬೇರೆ ಸೇಫ್ಟಿ ಇಲ್ಲ, ಆ ಅರ್ಧ ಗೀಟೇ ಸೇಫ್ಟಿ. ಅದು ಮುರಿದದ್ದು ಹಳೇ ವಿಂಚೆಸ್ಟರ್‌ಗಳಲ್ಲಿ ಸಾಮಾನ್ಯ. ಡಮ್ಮಿ ತುಂಬಿ ಲಿವರ್ ಎಳೆಯುವಾಗ ಸಂಕೋಚ ಬೇಡ. ಜೋರಾಗಿ, ಕೊನೆಯ ತನಕ ಎಳೆಯಿರಿ. ಮೆತ್ತಗೆ ಎಳೆದರೆ ಒಳ್ಳೆಯ ಬಂದೂಕೂ ಸಿಕ್ಕಿಕೊಳ್ಳುತ್ತದೆ. ಕಾಡತೂಸು ಎರಡೆರಡು ಒಟ್ಟಿಗೆ ಬಂದರೆ, ಇಲ್ಲವೇ ಹೊರಗೆ ಹಾರದೆ ಮೇಲೇ ಕೂತರೆ ರಿಪೇರಿ ಇದೆ. ಬಿಡಿ ಭಾಗ ಹುಡುಕುವುದು ಕಾಡತೂಸು ಹುಡುಕಿದ್ದಕ್ಕಿಂತ ಕಷ್ಟ.

ಕಟ್ಟಿಗೆಯನ್ನು ನೋಡಿದರೆ ಬಂದೂಕು ಎಲ್ಲಿ ಬೆಳೆದದ್ದು ಅಂತ ಹೇಳಬಹುದು. ಖಾನಾಪುರ, ಲೋಂಡಾ ಕಡೆಯದ್ದಾದರೆ ಕಟ್ಟಿಗೆ ಗಟ್ಟಿ ಇರುತ್ತದೆ, ಕಬ್ಬಿಣ ತುಕ್ಕು. ಮಳೆಯ ಊರು. ಇಂಡಿ, ಸಿಂದಗಿ ಕಡೆಯದ್ದಾದರೆ ಕಬ್ಬಿಣ ಚೆನ್ನಾಗಿ, ಕಟ್ಟಿಗೆ ಒಣಗಿ ಸೀಳು. ಹಾಗಾಗಿ ನೀವು ನೋಡಬೇಕಾದದ್ದು ಬಟ್ಟಿನ ಸಣ್ಣ ಜಾಗ, ಕೈ ಹಿಡಿಯುವಲ್ಲಿ, ಹ್ಯಾಮರ್ ಹಿಂದಿನ ಸ್ಕ್ರೂ ಪಕ್ಕ. ಕೂದಲೆಳೆಯ ಸೀಳು ಅಲ್ಲೇ ಶುರುವಾಗುತ್ತದೆ. ಬಟ್ಟನ್ನು ಸ್ವಲ್ಪ ತಿರುಚಿದಂತೆ ಮಾಡಿ, ಸೀಳು ಇದ್ದರೆ ಬಾಯಿ ಬಿಡುತ್ತದೆ.

ಕೊನೆಗೆ ಸೀರಿಯಲ್ ನಂಬರ್. ಲೈಸೆನ್ಸ್ ಪುಸ್ತಕದ ಅಂಕಿ, ಬಂದೂಕಿನ ಅಂಕಿ ಎರಡನ್ನೂ ನೀವೇ ಓದಿ, ಅವರು ಓದಿ ಹೇಳಿದ್ದನ್ನು ಬರೆದುಕೊಳ್ಳಬೇಡಿ. 3 ಮತ್ತು 8, 1 ಮತ್ತು 7 ಅದಲುಬದಲಾದ ಪುಸ್ತಕಗಳು ಬೇಕಾದಷ್ಟಿವೆ. ಅಂಕಿಯ ಸುತ್ತ ಉಜ್ಜಿದ ಗುರುತಿದ್ದರೆ ಕೈ ಬಿಡಿ. ಇಂಗ್ಲೆಂಡ್ ಮೂಲಕ ಬಂದ ಬಂದೂಕಾದರೆ ನಳಿಗೆಯ ಮೇಲೆ ಕಿರೀಟದ ಸಣ್ಣ ಮುದ್ರೆಗಳಿರುತ್ತವೆ. ಕಿರೀಟದ ಕೆಳಗೆ ಎನ್ ಪಿ ಅಂತ ಇದ್ದರೆ ಹೊಗೆ ಬಾರದ ಮದ್ದಿಗೆ ಪರೀಕ್ಷೆ ಆಗಿದೆ ಅಂತ ಅರ್ಥ. ಕಲಕತ್ತೆಯ ಮ್ಯಾಂಟನ್, ರೋಡಾ ಥರದ ಅಂಗಡಿಗಳ ಹೆಸರೂ ಸಿಗಬಹುದು. ಹೆಸರು ನೋಡಿ ಹೆಚ್ಚು ದುಡ್ಡು ಕೊಡಬೇಡಿ, ನಳಿಗೆ ನೋಡಿ ಕೊಡಿ.

ಹೊಡೆದು ನೋಡುವ ವಿಷಯ. "ಇಳಕಲ್ ಕಡೆ ಹಳೇ ಖಣಿ ಇದೆ, ಅಲ್ಲಿ ಹೊಡೆಯೋಣ" ಅಂತ ಯಾರಾದರೂ ಹೇಳುತ್ತಾರೆ. ಹೇಳೇ ಹೇಳುತ್ತಾರೆ. ಬೇಡ. ಮುಖ ಚಪ್ಪಟೆ ಇರುವ 13 ಗ್ರಾಂ ಸೀಸ ಸೆಕೆಂಡಿಗೆ 370 ಮೀಟರ್ ಹತ್ತಿರದ ವೇಗದಲ್ಲಿ ಗ್ರಾನೈಟಿಗೆ ಬಡಿದರೆ ಎಲ್ಲಿಗೆ ತಿರುಗುತ್ತದೆ ಅಂತ ಯಾರೂ ಹೇಳಲಾರರು. ಖಣಿಗೆ ಮೂರು ಕಡೆ ಗೋಡೆ ಇದೆ ಅನ್ನುವುದೇ ಅಪಾಯ. ಹೊಲದ ಬದುವಿಗೆ ಹೊಡೆಯುವುದೂ ಅಷ್ಟೇ. ಬೇರೆಯವರ ಜೀವಕ್ಕೆ ಅಪಾಯ ಆಗುವಂತೆ ಹೊಡೆದರೆ 2019ರ ನಂತರ ಎರಡು ವರ್ಷ ಜೈಲು, ಒಂದು ಲಕ್ಷ ದಂಡದ ತನಕ ಹೋಗಬಹುದು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹೊಡೆಯುವವರಿಗೂ ಇದೇ ಕಲಂ.

ಲೈಸೆನ್ಸ್ ಇರುವ ರೇಂಜ್ ಬೇಕು. ಪೊಲೀಸ್ ರೇಂಜು, ಮಿಲಿಟರಿ ರೇಂಜು ನಿಮ್ಮ ಖಾಸಗಿ ಬಂದೂಕಿಗೆ ಸುಮ್ನೆ ಬಾಗಿಲು ತೆರೆಯುವುದಿಲ್ಲ. ಕ್ಲಬ್ ರೇಂಜುಗಳಲ್ಲಿ ಬಹಳಷ್ಟು 10 ಮೀಟರ್ ಏರ್ ರೈಫಲ್‌ಗೆ ಇರುವಂಥವು. 44 ಹೊಡೆಯಲು ಎತ್ತರದ ಮಣ್ಣಿನ ದಿಬ್ಬ ಬೇಕು. ಕರ್ನಾಟಕ ಸ್ಟೇಟ್ ರೈಫಲ್ ಅಸೋಸಿಯೇಶನ್‌ಗೆ ಪತ್ರ ಬರೆದು, ನಿಮಗೆ ಹತ್ತಿರದಲ್ಲಿ ಸೆಂಟರ್‌ಫೈರ್ ರೈಫಲ್‌ಗೆ (ಕಾಡತೂಸಿನ ಬುಡದ ನಡುವೆ ಕ್ಯಾಪು ಇರುವಂಥದ್ದು) ಅನುಮತಿ ಇರುವ ರೇಂಜ್ ಯಾವುದು ಅಂತ ಕೇಳಿ. ಬಂದೂಕಿನ ಯಜಮಾನರೇ ತಮ್ಮ ಲೈಸೆನ್ಸ್ ಜೊತೆ ಬಂದೂಕು ತರಬೇಕು. ನೀವು ಒಬ್ಬರೇ ತೆಗೆದುಕೊಂಡು ಹೋಗುವಂತಿಲ್ಲ. ರೇಂಜ್ ಅಧಿಕಾರಿ ಒಪ್ಪಿದರೆ ನೀವು ಹೊಡೆಯಿರಿ, ಇಲ್ಲವಾದರೆ ಯಜಮಾನರು ಹೊಡೆಯಲಿ, ನೀವು ಪಕ್ಕದಲ್ಲಿ ನಿಂತು ನೋಡಿ.

ಮೊದಲ ಗುಂಡು ಒಂದೇ ಒಂದು. ಮ್ಯಾಗಜೀನ್ ತುಂಬಬೇಡಿ. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್. ಮರಳಿನ ಚೀಲದ ಮೇಲೆ ಮುಂಗೈ. ಇಂಡಿಯ ಬಿಸಿಲಲ್ಲಿ ತಗಡಿನ ಟ್ರಂಕಿನೊಳಗೆ ಬೆಂದ ಹಳೇ ಕಾಡತೂಸು ಹಲವು ಆಟ ಆಡುತ್ತದೆ. ಟ್ರಿಗರ್ ಎಳೆದಿರಿ, ಟಕ್ ಅಂತು, ಏನೂ ಆಗಲಿಲ್ಲ. ಬಾಯಿ ದಿಬ್ಬದ ಕಡೆಯೇ ಇರಲಿ, ಪೂರ್ತಿ ಒಂದು ನಿಮಿಷ ಅಲುಗಬೇಡಿ. ತಡವಾಗಿ ಹೊತ್ತಿಕೊಳ್ಳುವುದುಂಟು. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಢಂ ಅನ್ನುವ ಬದಲು ಪುಸ್ ಅನ್ನುತ್ತದೆ, ಭುಜಕ್ಕೆ ಪೆಟ್ಟೇ ತಾಗುವುದಿಲ್ಲ. ಗುಂಡು ನಳಿಗೆಯಲ್ಲೇ ಕೂತಿದೆ. ಅಲ್ಲಿಗೆ ನಿಲ್ಲಿಸಿ. ಉಬ್ಬಿದ ನಳಿಗೆಗಳೆಲ್ಲ ಹುಟ್ಟುವುದು ಈ ಗಳಿಗೆಯಲ್ಲಿ ಇನ್ನೊಮ್ಮೆ ಲಿವರ್ ಎಳೆದವರ ಕೈಯಲ್ಲಿ.

ಸರಿಯಾಗಿ ಹೊಡೆಯಿತು ಅಂದರೆ ಗುರಿ ನೋಡಲು ಓಡಬೇಡಿ. ಖಾಲಿ ಕೇಸು, ಅಂದರೆ ಕಾಡತೂಸಿನ ಹಿತ್ತಾಳೆ ಚಿಪ್ಪು, ಎತ್ತಿ ನೋಡಿ. 44-40 ಕೇಸಿನ ಬಾಯಿ ತೆಳು, ಅಲ್ಲಿ ಸ್ವಲ್ಪ ಸೀಳುವುದು, ಮಸಿ ಹಿಡಿಯುವುದು ಹಳೇ ಹಿತ್ತಾಳೆಗೆ ಸಹಜ. ಆದರೆ ಬುಡದ ಹತ್ತಿರ ಉಬ್ಬು, ಉಂಗುರದಂಥ ಬಿರುಕು, ಕ್ಯಾಪು ಹಿಂದಕ್ಕೆ ಎದ್ದು ನಿಂತಿರುವುದು ಇವುಗಳಲ್ಲಿ ಯಾವುದಿದ್ದರೂ ಬೋಲ್ಟಿನ ಬಿಗಿ ಹೋಗಿದೆ. ಆ ದಿನದ ಪರೀಕ್ಷೆ ಮುಗಿಯಿತು. ಕೇಸು ಚೆನ್ನಾಗಿದ್ದರೆ 25 ಮೀಟರಿನಲ್ಲಿ ಐದು, ಆಮೇಲೆ 50 ಮೀಟರಿನಲ್ಲಿ ಐದು. ಕಾಗದದ ಮೇಲಿನ ತೂತು ದುಂಡಗಿರಬೇಕು. ಕೀಲಿ ಕೈಯ ತೂತಿನಂತೆ ಉದ್ದ ಬಿದ್ದರೆ ಗುಂಡು ಅಡ್ಡಡ್ಡ ಹೋಗುತ್ತಿದೆ, ನಳಿಗೆ ಸವೆದಿದೆ. 50 ಮೀಟರಿನಲ್ಲಿ ಐದೂ ನನ್ನ ಅಂಗೈಯೊಳಗೆ ಬಿದ್ದರೆ ಈ ವಯಸ್ಸಿನ, ತೆರೆದ ಸೈಟಿನ ಕಾರ್ಬೈನಿಗೆ ನಾನು ಪೂರ್ತಿ ಮಾರ್ಕು ಕೊಡುತ್ತೇನೆ. ಅದಕ್ಕಿಂತ ಹೆಚ್ಚು ಕೇಳುವುದು ಅನ್ಯಾಯ. 50ಕ್ಕೆ ಸೈಟ್ ಕೂರಿಸಿದ ಬಂದೂಕು 100 ಮೀಟರಿಗೆ ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ಹೊಡೆಯುತ್ತದೆ, ಇದು ದೋಷ ಅಲ್ಲ. ಭಾರದ ನಿಧಾನ ಗುಂಡಿನ ಸ್ವಭಾವ.

ಟ್ಯೂಬ್ ತುಂಬುವ ದಿನ ಬಂದರೆ ಮುಖ ಚಪ್ಪಟೆ ಇರುವ ಗುಂಡು ಮಾತ್ರ. ಚೂಪು ಗುಂಡಾದರೆ ಅದರ ಮೂತಿ ಮುಂದಿನ ಕಾಡತೂಸಿನ ಕ್ಯಾಪಿಗೆ ತಾಗಿ ನಿಲ್ಲುತ್ತದೆ, ಧಕ್ಕೆಗೆ ಟ್ಯೂಬಿನೊಳಗೇ ಸಿಡಿಯಬಹುದು.

ಹೊಡೆದ ಸಂಜೆಯೇ ನಳಿಗೆಗೆ ಕುದಿಯುವ ನೀರು ಸುರಿಯಬೇಕು. ಬಂದೂಕಿಗೆ ನೀರಾ ಅಂತ ಮನೆಯಲ್ಲಿ ಗಾಬರಿ ಆಗುತ್ತಾರೆ. ಆ ಕ್ಯಾಪಿನ ಉಪ್ಪು ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಸಣ್ಣ ಫನೆಲ್ ಇಟ್ಟು ಚೇಂಬರ್ ಕಡೆಯಿಂದ ಬಿಡಿ, ಬಾಯಿ ಬಕೆಟ್ಟಿನಲ್ಲಿ ಇರಲಿ. ಮೊದಲು ಬೂದು ನೀರು ಬರುತ್ತದೆ, ಆಮೇಲೆ ತಿಳಿ. ಬಿಸಿಗೆ ಕಬ್ಬಿಣ ತಾನೇ ಒಣಗುತ್ತದೆ. ಒಣ ಬಟ್ಟೆ ಎಳೆದು, ಆಮೇಲೆ ಎಣ್ಣೆ.

ಪಾಲಿಶ್ ಬೇಡ. ಬೂದು ಬಣ್ಣಕ್ಕೆ ತಿರುಗಿದ ಹಳೇ ಮೈ ಆ ಬಂದೂಕಿನ ಬೆಲೆ. ಪಾಲಿಶ್ ಚಕ್ರ ಒಮ್ಮೆ ತಾಗಿದರೆ ಅಕ್ಷರ ಮಸುಕು, ಅಂಚು ದುಂಡಗೆ. ಸೀರಿಯಲ್ ನಂಬರ್ ಸ್ವಲ್ಪ ಅಳಿಸಿದರೂ ಮುಂದಿನ ರಿನ್ಯೂವಲ್‌ಗೆ ಇನ್‌ಸ್ಪೆಕ್ಷನ್‌ನಲ್ಲಿ ನೀವೇ ಉತ್ತರ ಕೊಡಬೇಕು. ತುಕ್ಕಿದ್ದರೆ ಎಣ್ಣೆ, ಸಣ್ಣ ಹಿತ್ತಾಳೆ ಬ್ರಷ್, ತಾಳ್ಮೆ. ಕಟ್ಟಿಗೆಗೆ ಅಗಸೆ ಎಣ್ಣೆ ತೆಳ್ಳಗೆ, ಅಷ್ಟೇ.

ಮಗನ ಬಗ್ಗೆ ಕೇಳಿದ್ದೀರಿ. ಬಂದೂಕು ಹೊಂದಲು 21 ವರ್ಷ ಆಗಬೇಕು, ಈ ವಿಂಚೆಸ್ಟರ್ ಅವನ ಕೈಗೆ ಬೇಡ. 4.5 ಎಂಎಂ, 20 ಜೂಲ್ ಒಳಗಿನ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಅದೇ 10 ಮೀಟರ್ ಸ್ಪರ್ಧೆಯ ಬಂದೂಕು. ಕೋಚ್ ಇರುವ ಕ್ಲಬ್ಬಿಗೆ ಹಚ್ಚಿ. ಒಂದು ವರ್ಷದಲ್ಲಿ ಅವನು ನಿಮಗಿಂತ ಚೆನ್ನಾಗಿ ಹೊಡೆಯುತ್ತಾನೆ, ಬೇಜಾರು ಮಾಡಿಕೊಳ್ಳಬೇಡಿ.

ಹಾಗಾದರೆ ಕೊಳ್ಳಬೇಕೇ? 1892 ಆಗಿದ್ದು, ನಳಿಗೆ ಚೆನ್ನಾಗಿದ್ದು, ಲೈಸೆನ್ಸ್ ಚಾಲ್ತಿಯಲ್ಲಿದ್ದು, ಕಾಡತೂಸು ಕೊಡಲು ಒಬ್ಬ ಡೀಲರ್ ಒಪ್ಪಿದ್ದರೆ ಕೊಳ್ಳಿ. ತಿಂಗಳಿಗೆ ಹತ್ತು ಗುಂಡಿನ ಖುಷಿಗೆ ಅಂತ ಕೊಳ್ಳಿ. ಅಭ್ಯಾಸಕ್ಕೆ ಬೇರೆ .22 ನೋಡಿ. 1873 ಆಗಿದ್ದರೆ ಹೊಡೆಯುವ ಆಸೆ ಬಿಡಿ. ಕಾಡತೂಸಿನ ದಾರಿಯೇ ಇಲ್ಲ ಅಂದರೆ ಎರಡರಲ್ಲಿ ಒಂದು ಕೋಟಾ ಅದಕ್ಕೆ ಕೊಡುವುದು ನನ್ನ ಮಟ್ಟಿಗೆ ದಂಡ.

ಕೊಂಡಿರಿ ಅಂದರೆ ಇನ್ನೊಂದು. ಪ್ರತಿ ಚುನಾವಣೆಗೆ ಬಂದೂಕು ಜಮಾ ಮಾಡಿ ಅಂತ ಆದೇಶ ಬರುತ್ತದೆ. ಠಾಣೆಯಲ್ಲೋ ಡೀಲರ್ ಬಳಿಯೋ ತಿಂಗಳುಗಟ್ಟಲೆ ಗೋಡೆಗೆ ಒರಗಿ ನಿಲ್ಲುತ್ತದೆ. ಒಳಗೆ ಹೊರಗೆ ಎಣ್ಣೆ ಹಚ್ಚಿ, ನಳಿಗೆಯ ಬಾಯಿಗೆ ಬಟ್ಟೆ ತುರುಕದೆ ಕೊಡಿ. ತುರುಕಿದ ಬಟ್ಟೆ ತೇವ ಹಿಡಿದು ಅಲ್ಲೇ ಉಂಗುರ ತುಕ್ಕು ಮಾಡುತ್ತದೆ, ಮೇಲಾಗಿ ಅದನ್ನು ಮರೆತು ಯಾರಾದರೂ ಹೊಡೆದರೆ ನಳಿಗೆ ಹೋಯಿತು. ಫೋಟೋ ತೆಗೆದಿಟ್ಟುಕೊಳ್ಳಿ, ರಸೀದಿಯಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. "ಒಂದು ರೈಫಲ್" ಅಂತ ಮಾತ್ರ ಬರೆದ ರಸೀದಿ ತೆಗೆದುಕೊಂಡು ಮನೆಗೆ ಬರಬೇಡಿ.